ಜೋಡಿ ಹಬ್ ಮೋಟಾರಿನ ವಿದ್ಯುತ್ ಬೈಸಿಕಲ್

ಜೋಡಿ ಹಬ್ ಮೋಟಾರಿನ ವಿದ್ಯುತ್ ಬೈಸಿಕಲ್ ಎಂಬುದು ಮುಂದಿನ ಚಕ್ರಕ್ಕೊಂದು, ಹಿಂದಿನ ಚಕ್ರಕ್ಕೊಂದು ವಿದ್ಯುತ್ ಮೋಟಾರನ್ನು ಅಳವಡಿಸಿರುವ ಬೈಸಿಕಲ್. ಸಾಮಾನ್ಯ ಬೈಸಿಕಲ್ಲಿನಲ್ಲಿ ಪೆಡಲಿನ ಬಲವು ಸರಪಳಿಯ ಮೂಲಕ ಹಿಂದಿನ ಚಕ್ರಕ್ಕೆ ಮಾತ್ರ ತಲುಪುತ್ತದೆ. ಮುಂದಿನ ಚಕ್ರ ಕೇವಲ ಉರುಳುತ್ತದೆ ಮತ್ತು ದಿಕ್ಕನ್ನು ಬದಲಿಸುತ್ತದೆ. ಜೋಡಿ ಮೋಟಾರಿನ ವ್ಯವಸ್ಥೆಯಲ್ಲಿ ಎರಡೂ ಚಕ್ರಗಳು ನೆಲವನ್ನು ಹಿಂದಕ್ಕೆ ತಳ್ಳಿ ವಾಹನವನ್ನು ಮುಂದಕ್ಕೆ ಒಯ್ಯುತ್ತವೆ. ಕಡಿದಾದ ಏರು, ಕೆಸರು, ಮರಳು, ಹಿಮ ಹಾಗೂ ಭಾರದ ಸಾಗಣೆ ಇದರ ಮುಖ್ಯ ಉಪಯೋಗದ ಸಂದರ್ಭಗಳು. ಕಾರ್ಖಾನೆಯಲ್ಲಿಯೇ ಸಿದ್ಧವಾದ ಮಾದರಿಗಳು ದೊರೆಯುತ್ತವೆಯಾದರೂ, ಸಾಮಾನ್ಯ ಬೈಸಿಕಲ್ಲಿಗೆ ಎರಡು ಮೋಟಾರುಗಳ ಜೋಡಣಾ ಸಾಮಗ್ರಿಯನ್ನು ಕೂಡಿಸಿ ಇದನ್ನು ರೂಪಿಸಿಕೊಳ್ಳುವ ಹವ್ಯಾಸಿಗಳೂ ಇದ್ದಾರೆ.

ಈ ಲೇಖನವು ಅಂತಹ ವಾಹನದ ಹಿನ್ನೆಲೆ, ಕಾರ್ಯತತ್ತ್ವ, ಜೋಡಣೆಯ ಕ್ರಮ, ಸುರಕ್ಷತೆ ಮತ್ತು ಕಾನೂನಿನ ಮಿತಿಗಳನ್ನು ವಿವರಿಸುತ್ತದೆ.

ಇತಿಹಾಸ

ಚಕ್ರದ ಹಬ್‌ನೊಳಗೆ ಮೋಟಾರನ್ನಿಡುವ ಕಲ್ಪನೆ ಹೊಸದಲ್ಲ. ಅಮೆರಿಕದ ಒಹಾಯೊ ರಾಜ್ಯದ ಕ್ಯಾಂಟನ್ ಊರಿನ ಆಗ್ಡನ್ ಬೋಲ್ಟನ್ ಜೂನಿಯರ್ 1895ರ ಡಿಸೆಂಬರ್ 31ರಂದು ಹಿಂದಿನ ಚಕ್ರದಲ್ಲಿ ಮೋಟಾರುಳ್ಳ ಬೈಸಿಕಲ್ಲಿಗೆ ಪೇಟೆಂಟ್ ಪಡೆದರು. ಅದರಲ್ಲಿ ಗಿಯರುಗಳಿರಲಿಲ್ಲ, 10 ವೋಲ್ಟಿನ ಬ್ಯಾಟರಿಯಿಂದ 100 ಆಂಪಿಯರ್‌ವರೆಗೆ ವಿದ್ಯುತ್ತನ್ನು ಎಳೆಯುವಂತೆ ಮೋಟಾರನ್ನು ಯೋಜಿಸಲಾಗಿತ್ತು. 1897ರಲ್ಲಿ ಬಾಸ್ಟನ್ನಿನ ಹೋಸಿಯಾ ಲಿಬ್ಬಿ ಪೆಡಲಿನ ಅಚ್ಚಿನ ಬಳಿ ಎರಡು ಮೋಟಾರುಗಳನ್ನಿಟ್ಟ ಬೈಸಿಕಲ್ಲಿಗೆ ಪೇಟೆಂಟ್ ಪಡೆದರು. ಅಲ್ಲಿ ಮೋಟಾರುಗಳು ಎರಡಿದ್ದರೂ ಅವು ಬೇರೆಬೇರೆ ಚಕ್ರಗಳನ್ನು ತಿರುಗಿಸುತ್ತಿರಲಿಲ್ಲ.

ಒಂದಕ್ಕಿಂತ ಹೆಚ್ಚು ಚಕ್ರಗಳಿಗೆ ಪ್ರತ್ಯೇಕ ಮೋಟಾರು ನೀಡಿದ ಪ್ರಸಿದ್ಧ ಉದಾಹರಣೆ ಫರ್ಡಿನಾಂಡ್ ಪೋರ್ಷೆ ವಿನ್ಯಾಸಗೊಳಿಸಿದ ಲೋಹ್ನರ್-ಪೋರ್ಷೆ ಕಾರು. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಕಾಣಿಸಿಕೊಂಡ ಈ ಕಾರಿನ ಮುಂದಿನ ಎರಡು ಚಕ್ರಗಳಲ್ಲಿ ಹಬ್ ಮೋಟಾರುಗಳಿದ್ದವು. ನಾಲ್ಕೂ ಚಕ್ರಗಳಲ್ಲಿ ಮೋಟಾರುಳ್ಳ ಆವೃತ್ತಿಯನ್ನೂ ಅದೇ ಕಾಲದಲ್ಲಿ ನಿರ್ಮಿಸಲಾಯಿತು. 1971ರಲ್ಲಿ ಅಪೊಲೊ 15ರ ಯಾತ್ರಿಗಳು ಚಂದ್ರನ ಮೇಲೆ ಓಡಿಸಿದ ವಾಹನದ ನಾಲ್ಕು ಚಕ್ರಗಳಿಗೂ ತಲಾ ಕಾಲು ಅಶ್ವಶಕ್ತಿಯ ಪ್ರತ್ಯೇಕ ಮೋಟಾರುಗಳಿದ್ದವು. ಸಡಿಲ ಮಣ್ಣಿನ ಮೇಲೆ ಎಲ್ಲ ಚಕ್ರಗಳೂ ತಳ್ಳಬೇಕೆಂಬ ತತ್ತ್ವವೇ ಅಲ್ಲಿಯೂ ಕೆಲಸ ಮಾಡಿದೆ.

1982ರಲ್ಲಿ ಪತ್ತೆಯಾದ ನಿಯೋಡಿಮಿಯಂ ಕಾಂತಗಳು, ಬ್ರಷ್‌ರಹಿತ ಮೋಟಾರುಗಳು ಮತ್ತು ಲಿಥಿಯಂ ಅಯಾನ್ ಬ್ಯಾಟರಿಗಳು ಸೇರಿ ಹಬ್ ಮೋಟಾರನ್ನು ಹಗುರಗೊಳಿಸಿದವು. ಅದಾದ ಮೇಲೆಯೇ ಒಂದು ಬೈಸಿಕಲ್ಲಿಗೆ ಎರಡು ಮೋಟಾರುಗಳನ್ನು ಹೊರಿಸುವುದು ವ್ಯಾವಹಾರಿಕವಾಯಿತು.

ಕಾರ್ಯತತ್ತ್ವ

ನೆಲದ ಹಿಡಿತ

ಚಕ್ರವೊಂದು ಜಾರದೆ ಎಷ್ಟು ಬಲದಿಂದ ತಳ್ಳಬಲ್ಲದು ಎಂಬುದು ಎರಡು ಅಂಶಗಳನ್ನು ಅವಲಂಬಿಸಿದೆ: ಆ ಚಕ್ರದ ಮೇಲೆ ಬೀಳುವ ಭಾರ ಮತ್ತು ನೆಲದ ಘರ್ಷಣಾಂಕ. ಮೋಟಾರು ಎಷ್ಟೇ ಬಲಶಾಲಿಯಾಗಿದ್ದರೂ ಈ ಮಿತಿಯನ್ನು ಮೀರಲಾರದು.

ಸವಾರನೂ ಸೇರಿ ಒಟ್ಟು 110 ಕಿಲೋಗ್ರಾಂ ತೂಗುವ ಬೈಸಿಕಲ್ 10% ಏರನ್ನು ನಿಧಾನವಾಗಿ ಹತ್ತುತ್ತಿದೆ ಎಂದುಕೊಳ್ಳಬಹುದು. ಗುರುತ್ವವು ಅದನ್ನು ಹಿಂದಕ್ಕೆ ಸುಮಾರು 107 ನ್ಯೂಟನ್ ಬಲದಿಂದ ಎಳೆಯುತ್ತದೆ. ಗಟ್ಟಿ ರಸ್ತೆಯ ಉರುಳು ತಡೆ ಸುಮಾರು 11 ನ್ಯೂಟನ್. ಹೀಗೆ ಬೇಕಾದ ಒಟ್ಟು ತಳ್ಳುಬಲ 118 ನ್ಯೂಟನ್. ಸಮತಟ್ಟಿನಲ್ಲಿ ಮುಂದಿನ ಚಕ್ರದ ಮೇಲೆ 40%, ಹಿಂದಿನ ಚಕ್ರದ ಮೇಲೆ 60% ಭಾರವಿದ್ದರೆ, ಈ ಏರಿನಲ್ಲಿ ಅದು ಹೆಚ್ಚುಕಡಿಮೆ 30% ಮತ್ತು 70% ಆಗುತ್ತದೆ.

ಮಳೆಯಲ್ಲಿ ನೆನೆದ ಜೇಡಿಮಣ್ಣಿನಂತಹ ಮೇಲ್ಮೈಯ ಘರ್ಷಣಾಂಕವನ್ನು 0.15 ಎಂದಿಟ್ಟುಕೊಂಡರೆ:

• ಮುಂದಿನ ಚಕ್ರ ಮಾತ್ರ ತಳ್ಳಿದರೆ ದೊರೆಯುವ ಗರಿಷ್ಠ ಬಲ ಸುಮಾರು 48 ನ್ಯೂಟನ್
• ಹಿಂದಿನ ಚಕ್ರ ಮಾತ್ರ ತಳ್ಳಿದರೆ ಸುಮಾರು 113 ನ್ಯೂಟನ್
• ಎರಡೂ ತಳ್ಳಿದರೆ ಸುಮಾರು 161 ನ್ಯೂಟನ್

ಒಂದೇ ಚಕ್ರದ ಚಾಲನೆಯಲ್ಲಿ ವಾಹನ ಜಾರಿ ನಿಲ್ಲುತ್ತದೆ. ಎರಡು ಚಕ್ರಗಳ ಚಾಲನೆಯಲ್ಲಿ ಹತ್ತುತ್ತದೆ. ಕೆಸರಿನಲ್ಲಿ ಉರುಳು ತಡೆ ಇಲ್ಲಿ ಲೆಕ್ಕ ಹಾಕಿದ್ದಕ್ಕಿಂತ ಹೆಚ್ಚಾಗಿರುವುದರಿಂದ ನಿಜವಾದ ಅಂತರ ಇನ್ನೂ ಸ್ಪಷ್ಟವಾಗಿರುತ್ತದೆ. ಒಣಗಿದ ಡಾಂಬರು ರಸ್ತೆಯಲ್ಲಿ ಘರ್ಷಣಾಂಕ 0.7ರ ಆಸುಪಾಸಿನಲ್ಲಿರುವುದರಿಂದ ಹಿಂದಿನ ಚಕ್ರವೊಂದೇ ಸಾಕಾಗುತ್ತದೆ. ಆದ್ದರಿಂದ ನಗರದ ಸಮತಟ್ಟು ರಸ್ತೆಗಳಲ್ಲಿ ಓಡಾಡುವವರಿಗೆ ಹಿಡಿತದ ದೃಷ್ಟಿಯಿಂದ ಎರಡನೆಯ ಮೋಟಾರಿನ ಅಗತ್ಯವಿಲ್ಲ.

ಶಾಖದ ಹಂಚಿಕೆ

ಎರಡನೆಯ ಲಾಭ ಶಾಖಕ್ಕೆ ಸಂಬಂಧಿಸಿದ್ದು. ಮೋಟಾರಿನ ಟಾರ್ಕ್, ಅಂದರೆ ತಿರುಗಿಸುವ ಬಲ, ಅದರ ಸುರುಳಿಯಲ್ಲಿ ಹರಿಯುವ ವಿದ್ಯುತ್ ಪ್ರವಾಹಕ್ಕೆ ಅನುಪಾತದಲ್ಲಿರುತ್ತದೆ. ಆದರೆ ತಾಮ್ರದ ಸುರುಳಿಯಲ್ಲಿ ಹುಟ್ಟುವ ಶಾಖವು ಪ್ರವಾಹದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಹೊರೆಯನ್ನು ಇಬ್ಭಾಗ ಮಾಡಿದರೆ ಪ್ರತಿ ಮೋಟಾರಿನ ಪ್ರವಾಹ ಅರ್ಧವಾಗುತ್ತದೆ, ಶಾಖ ಕಾಲುಭಾಗಕ್ಕಿಳಿಯುತ್ತದೆ. ಎರಡನ್ನೂ ಕೂಡಿದರೂ ಒಟ್ಟು ಶಾಖ ಮೊದಲಿನ ಅರ್ಧದಷ್ಟೇ.

ಮೇಲಿನ ಬೈಸಿಕಲ್ ಅದೇ ಏರನ್ನು ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ಪೆಡಲಿನ ನೆರವಿಲ್ಲದೆ ಹತ್ತಬೇಕಾದರೆ, ಗಾಳಿಯ ತಡೆಯೂ ಸೇರಿ ಸುಮಾರು 125 ನ್ಯೂಟನ್ ಬಲ, ಅಂದರೆ 520 ವ್ಯಾಟ್ ಯಾಂತ್ರಿಕ ಶಕ್ತಿ ಬೇಕು. ಚಕ್ರದ ತ್ರಿಜ್ಯ 0.33 ಮೀಟರ್ ಆದರೆ ಟಾರ್ಕ್ ಸುಮಾರು 41 ನ್ಯೂಟನ್-ಮೀಟರ್. ಪ್ರತಿ ಆಂಪಿಯರ್‌ಗೆ 1 ನ್ಯೂಟನ್-ಮೀಟರ್ ಟಾರ್ಕ್ ಕೊಡುವ, 0.15 ಓಮ್ ರೋಧವುಳ್ಳ ಒಂದೇ ಮೋಟಾರಿನ ಸುರುಳಿಯಲ್ಲಿ ಆಗ ಸುಮಾರು 252 ವ್ಯಾಟ್ ಶಾಖವಾಗಿ ನಷ್ಟವಾಗುತ್ತದೆ. ಅಂತಹವೇ ಎರಡು ಮೋಟಾರುಗಳಿದ್ದರೆ ಪ್ರತಿಯೊಂದರಲ್ಲಿ 63 ವ್ಯಾಟ್, ಒಟ್ಟು 126 ವ್ಯಾಟ್ ನಷ್ಟವಾಗುತ್ತದೆ. ಉಳಿದ ನಷ್ಟಗಳನ್ನು ಬದಿಗಿಟ್ಟರೆ ದಕ್ಷತೆ 67%ರಿಂದ 80%ಕ್ಕೆ ಏರುತ್ತದೆ. ಉದ್ದನೆಯ ಘಾಟಿಯ ಏರಿನಲ್ಲಿ ಒಂಟಿ ಮೋಟಾರು ಸುಟ್ಟುಹೋಗುವುದೋ ಉಳಿಯುವುದೋ ಎಂಬುದನ್ನು ಈ ವ್ಯತ್ಯಾಸವೇ ನಿರ್ಧರಿಸಬಹುದು.

ಸಮತಟ್ಟಿನಲ್ಲಿ ಈ ಲಾಭ ಮಾಯವಾಗುತ್ತದೆ. ಅಲ್ಲಿ ಪ್ರವಾಹ ಕಡಿಮೆ. ಆದರೆ ತಿರುಗುವ ಪ್ರತಿಯೊಂದು ಮೋಟಾರಿನ ಕಬ್ಬಿಣದ ತಿರುಳಿನಲ್ಲಿ ಕಾಂತೀಯ ನಷ್ಟ ಇದ್ದೇ ಇರುತ್ತದೆ. ಎರಡು ಮೋಟಾರುಗಳು ತಿರುಗಿದರೆ ಆ ನಷ್ಟ ಇಮ್ಮಡಿಯಾಗುತ್ತದೆ. ಹಾಗಾಗಿ ಒಂದು ಮೋಟಾರನ್ನು ಬೇಕೆಂದಾಗ ಆರಿಸುವ ಸ್ವಿಚ್ಚು ಉಪಯುಕ್ತ.

ತಿರುವುಗಳಲ್ಲಿ ಚಕ್ರಗಳ ವೇಗ

ತಿರುವಿನಲ್ಲಿ ಮುಂದಿನ ಚಕ್ರವು ಹಿಂದಿನ ಚಕ್ರಕ್ಕಿಂತ ದೊಡ್ಡ ವೃತ್ತದಲ್ಲಿ ಸಾಗುತ್ತದೆ. ಆದ್ದರಿಂದ ಅದು ತುಸು ವೇಗವಾಗಿ ತಿರುಗಬೇಕು. ಸರಪಳಿ ಅಥವಾ ದಂಡದ ಮೂಲಕ ಎರಡೂ ಚಕ್ರಗಳನ್ನು ಬಂಧಿಸುವ ಯಾಂತ್ರಿಕ ವ್ಯವಸ್ಥೆಗಳಲ್ಲಿ ಇದಕ್ಕಾಗಿ ವಿಶೇಷ ಕ್ಲಚ್ ಬೇಕಾಗುತ್ತದೆ. ಎರಡು ಸ್ವತಂತ್ರ ವಿದ್ಯುತ್ ಮೋಟಾರುಗಳಿಗೆ ಅಂತಹ ಬಂಧನವಿಲ್ಲ. ಪ್ರತಿಯೊಂದೂ ತನ್ನ ಚಕ್ರಕ್ಕೆ ಒಪ್ಪುವ ವೇಗದಲ್ಲಿ ತಿರುಗುತ್ತದೆ.

ಮೋಟಾರುಗಳ ಬಗೆಗಳು

ಗಿಯರುಳ್ಳ ಹಬ್ ಮೋಟಾರು: ಇದರೊಳಗೆ ಸಣ್ಣ ಮೋಟಾರು ವೇಗವಾಗಿ ತಿರುಗುತ್ತದೆ; ಸಾಮಾನ್ಯವಾಗಿ ನೈಲಾನಿನಿಂದ ಮಾಡಿದ ಗಿಯರುಗಳು ಆ ವೇಗವನ್ನು ಸುಮಾರು ಐದರಲ್ಲೊಂದು ಪಾಲಿಗೆ ಇಳಿಸಿ ಟಾರ್ಕನ್ನು ಹೆಚ್ಚಿಸುತ್ತವೆ. 26 ಇಂಚಿನ ಚಕ್ರ ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ನಿಮಿಷಕ್ಕೆ ಸುಮಾರು 200 ಸುತ್ತು ತಿರುಗುತ್ತದೆ; ಒಳಗಿನ ಮೋಟಾರು ಆಗ ಸಾವಿರದಷ್ಟು ಸುತ್ತು ತಿರುಗುತ್ತಿರುತ್ತದೆ. ಸಣ್ಣ ಮಾದರಿಗಳು 2.5ರಿಂದ 3 ಕಿಲೋಗ್ರಾಂ ತೂಗುತ್ತವೆ. ಒಳಗೆ ಫ್ರೀವೀಲ್ ಇರುವುದರಿಂದ ವಿದ್ಯುತ್ ನಿಂತಾಗ ಚಕ್ರ ತಡೆಯಿಲ್ಲದೆ ಉರುಳುತ್ತದೆ. ಅದೇ ಕಾರಣದಿಂದ ಬ್ರೇಕ್ ಹಾಕುವಾಗ ವಿದ್ಯುತ್ತನ್ನು ಬ್ಯಾಟರಿಗೆ ಮರಳಿಸುವ ಪುನರುತ್ಪಾದಕ ಬ್ರೇಕಿಂಗ್ ಇದರಲ್ಲಿ ಸಾಧ್ಯವಿಲ್ಲ.

ನೇರ ಚಾಲನೆಯ ಹಬ್ ಮೋಟಾರು: ಇದರಲ್ಲಿ ಗಿಯರುಗಳಿಲ್ಲ, ಕಾಂತಗಳಿರುವ ಹೊರಕವಚವೇ ಚಕ್ರದೊಡನೆ ತಿರುಗುತ್ತದೆ. ಬೇರಿಂಗುಗಳ ಹೊರತು ಸವೆಯುವ ಭಾಗಗಳಿಲ್ಲದೆ ಇದು ನಿಶ್ಶಬ್ದವಾಗಿ, ದೀರ್ಘಕಾಲ ಬಾಳುತ್ತದೆ. ತೂಕ ಹೆಚ್ಚು, ಸಾಮಾನ್ಯವಾಗಿ 5 ಕಿಲೋಗ್ರಾಂ ಮತ್ತು ಮೇಲ್ಪಟ್ಟು. ವಿದ್ಯುತ್ ಇಲ್ಲದಾಗ ಕಾಂತಗಳ ಎಳೆತದಿಂದ ಪೆಡಲ್ ತುಳಿಯುವುದು ತುಸು ಭಾರವೆನಿಸುತ್ತದೆ. ಪುನರುತ್ಪಾದಕ ಬ್ರೇಕಿಂಗ್ ಸಾಧ್ಯ.

ಎರಡು ಮೋಟಾರುಗಳೂ ಒಂದೇ ಬಗೆಯವಾಗಿರಬೇಕೆಂಬ ನಿಯಮವಿಲ್ಲ. ಮುಂದೆ ಹಗುರವಾದ ಗಿಯರ್ ಮೋಟಾರು, ಹಿಂದೆ ಬಲವಾದ ನೇರ ಚಾಲನೆಯ ಮೋಟಾರು ಇಡುವುದುಂಟು. ಆಗ ಸಮತಟ್ಟಿನಲ್ಲಿ ಮುಂದಿನ ಮೋಟಾರನ್ನು ಆರಿಸಿದರೆ ಅದರಿಂದ ಯಾವ ಎಳೆತವೂ ಇರುವುದಿಲ್ಲ.

ಮೋಟಾರುಗಳ ಹೊಂದಾಣಿಕೆ

ಪ್ರತಿ ಮೋಟಾರಿಗೂ ನಿರ್ದಿಷ್ಟ ವೋಲ್ಟೇಜಿನಲ್ಲಿ ಹೊರೆಯಿಲ್ಲದೆ ತಲುಪಬಹುದಾದ ಗರಿಷ್ಠ ವೇಗವೊಂದಿರುತ್ತದೆ. ಒಂದರ ಗರಿಷ್ಠ ವೇಗ ಗಂಟೆಗೆ 25 ಕಿಲೋಮೀಟರ್, ಇನ್ನೊಂದರದು 35 ಕಿಲೋಮೀಟರ್ ಆಗಿದ್ದರೆ, 25ರ ಮೇಲಿನ ವೇಗದಲ್ಲಿ ಮೊದಲನೆಯದು ಯಾವ ನೆರವನ್ನೂ ನೀಡುವುದಿಲ್ಲ. ಅದು ಗಿಯರ್ ಮೋಟಾರಾಗಿದ್ದರೆ ಸುಮ್ಮನೆ ಉರುಳುತ್ತದೆ. ನೇರ ಚಾಲನೆಯದಾಗಿದ್ದರೆ ವಾಹನವನ್ನು ಹಿಂದಕ್ಕೆಳೆಯುತ್ತದೆ. ಎರಡೂ ಮೋಟಾರುಗಳ ವೇಗಗಳು ಸಮೀಪವಾಗಿರುವುದು ಒಳ್ಳೆಯದು.

ಕಂಟ್ರೋಲರಿನ ಬಗೆಯೂ ಮುಖ್ಯ. ವೇಗವನ್ನು ನಿಯಂತ್ರಿಸುವ ಕಂಟ್ರೋಲರಿನಲ್ಲಿ ಥ್ರಾಟಲ್ ತಿರುಗಿಸಿದಷ್ಟು ವೋಲ್ಟೇಜ್ ಮೋಟಾರಿಗೆ ದೊರೆಯುತ್ತದೆ. ಇಂತಹ ಎರಡು ಕಂಟ್ರೋಲರುಗಳಿದ್ದರೆ ವೇಗದ ಮೋಟಾರೇ ಮೊದಲು ಹೊರೆಯನ್ನೆಲ್ಲ ಹೊರುತ್ತದೆ. ಟಾರ್ಕನ್ನು ನಿಯಂತ್ರಿಸುವ ಕಂಟ್ರೋಲರಿನಲ್ಲಿ ಥ್ರಾಟಲಿಗೆ ಅನುಗುಣವಾಗಿ ಪ್ರವಾಹ ನಿಗದಿಯಾಗುವುದರಿಂದ ಹೊರೆಯ ಹಂಚಿಕೆ ಊಹಿಸಿದಂತೆಯೇ ಇರುತ್ತದೆ. ಕೆನಡಾದ ವ್ಯಾಂಕೂವರಿನ ಗ್ರಿನ್ ಟೆಕ್ನಾಲಜೀಸ್ ಸಂಸ್ಥೆಯ ಉಚಿತ ಅಂತರಜಾಲ ಗಣಕಯಂತ್ರದಲ್ಲಿ ಎರಡು ಮೋಟಾರುಗಳನ್ನು ಜೊತೆಗೂಡಿಸಿ ವೇಗ, ಏರು ಮತ್ತು ಶಾಖದ ಅಂದಾಜು ಪಡೆಯಬಹುದು.

ಮುಂದಿನ ಮೋಟಾರಿನ ಪಾಲು ಕಡಿಮೆಯಿರಬೇಕು. ಟೈರಿನ ಹಿಡಿತವು ತಳ್ಳುವ ಬಲಕ್ಕೂ ತಿರುವಿನಲ್ಲಿ ಬೇಕಾಗುವ ಅಡ್ಡ ಬಲಕ್ಕೂ ಹಂಚಿಹೋಗುವಂಥದ್ದು. ತಿರುವಿನಲ್ಲಿ ಮುಂದಿನ ಚಕ್ರವನ್ನು ಮೋಟಾರು ಬಲವಾಗಿ ತಿರುಗಿಸಿದರೆ ಅಡ್ಡ ಹಿಡಿತ ತಪ್ಪುತ್ತದೆ. ಹಿಂದಿನ ಚಕ್ರ ಜಾರಿದರೆ ಸವಾರ ಸಾವರಿಸಿಕೊಳ್ಳಬಹುದು. ಮುಂದಿನ ಚಕ್ರ ಜಾರಿದರೆ ಬೀಳುವುದೇ ಹೆಚ್ಚು. ಭಾರದ ಹಂಚಿಕೆಯನ್ನು ಗಮನಿಸಿದರೆ ಮುಂದೆ 30–40%, ಹಿಂದೆ 60–70% ಬಲವಿರುವುದು ಸೂಕ್ತ.

ಬ್ಯಾಟರಿ

48 ವೋಲ್ಟಿನ ಲಿಥಿಯಂ ಅಯಾನ್ ಬ್ಯಾಟರಿಯಲ್ಲಿ ಸಾಮಾನ್ಯವಾಗಿ 13 ಕೋಶಗಳು ಸರಣಿಯಲ್ಲಿರುತ್ತವೆ. ಪೂರ್ಣ ತುಂಬಿದಾಗ ಅದರ ವೋಲ್ಟೇಜ್ 54.6. 36 ವೋಲ್ಟಿನದರಲ್ಲಿ 10 ಕೋಶಗಳು. ಪೂರ್ಣ ವೋಲ್ಟೇಜ್ 42. ಚಾರ್ಜರು ಆಯಾ ಬ್ಯಾಟರಿಗೆ ನಿಗದಿಯಾದದ್ದೇ ಆಗಿರಬೇಕು.

ಬ್ಯಾಟರಿಯೊಳಗೆ ಅದನ್ನು ಕಾಯುವ ವಿದ್ಯುನ್ಮಂಡಲವೊಂದಿರುತ್ತದೆ. ಇದು ಬಿಎಂಎಸ್ ಎಂದು ಪ್ರಸಿದ್ಧ. ನಿಗದಿತ ಮಿತಿ ಮೀರಿ ಪ್ರವಾಹ ಎಳೆದರೆ ಇದು ವಿದ್ಯುತ್ತನ್ನು ಕಡಿದುಹಾಕುತ್ತದೆ. ಜೋಡಿ ಮೋಟಾರಿನ ಜೋಡಣೆಯಲ್ಲಿ ಮರೆತುಹೋಗುವ ಲೆಕ್ಕ ಇಲ್ಲಿದೆ: ತಲಾ 20 ಆಂಪಿಯರಿನ ಎರಡು ಕಂಟ್ರೋಲರುಗಳು ಒಟ್ಟಿಗೆ 40 ಆಂಪಿಯರ್ ಎಳೆಯಬಲ್ಲವು. ಬಿಎಂಎಸ್ ಮಿತಿ 30 ಆಂಪಿಯರ್ ಆಗಿದ್ದರೆ ಏರಿನ ನಡುವೆಯೇ ವಾಹನ ಹಠಾತ್ತನೆ ನಿಲ್ಲುತ್ತದೆ. ಹಾಗಾಗಿ ಎರಡು ಕಂಟ್ರೋಲರುಗಳ ಮೊತ್ತವು ಬ್ಯಾಟರಿಯ ನಿರಂತರ ಮಿತಿಗಿಂತ ಕಡಿಮೆಯಿರುವಂತೆ ಹೊಂದಿಸಬೇಕು. ಉದಾಹರಣೆಗೆ ಹಿಂದೆ 17, ಮುಂದೆ 10 ಆಂಪಿಯರ್.

48 ವೋಲ್ಟ್, 15 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ 720 ವ್ಯಾಟ್-ಗಂಟೆ ಶಕ್ತಿಯಿರುತ್ತದೆ. ಪ್ರತಿ ಕಿಲೋಮೀಟರಿಗೆ 12 ವ್ಯಾಟ್-ಗಂಟೆ ಖರ್ಚಾದರೆ 60 ಕಿಲೋಮೀಟರ್, 20 ವ್ಯಾಟ್-ಗಂಟೆ ಖರ್ಚಾದರೆ 36 ಕಿಲೋಮೀಟರ್ ಸಾಗಬಹುದು. ಎರಡು ಬ್ಯಾಟರಿಗಳನ್ನು ಬಳಸುವವರು ಪ್ರತಿ ಮೋಟಾರಿಗೂ ಪ್ರತ್ಯೇಕ ಬ್ಯಾಟರಿ ನೀಡಬಹುದು. ಆದರೆ ಬೇರೆಬೇರೆ ಮಟ್ಟಕ್ಕೆ ಚಾರ್ಜಾಗಿರುವ ಎರಡು ಬ್ಯಾಟರಿಗಳನ್ನು ನೇರವಾಗಿ ಸಮಾಂತರದಲ್ಲಿ ಜೋಡಿಸಬಾರದು. ಒಂದರಿಂದ ಇನ್ನೊಂದಕ್ಕೆ ಅಪಾಯಕಾರಿ ಪ್ರವಾಹ ಹರಿಯುತ್ತದೆ.

ಜೋಡಣೆಯ ಕ್ರಮ

ಬೈಸಿಕಲ್ಲಿನ ಆಯ್ಕೆ

ಬೈಸಿಕಲ್ಲಿನ ಫ್ರೇಮು ದೃಢವಾಗಿರಬೇಕು, ಬ್ರೇಕುಗಳು ಎರಡೂ ಚಕ್ರಗಳಲ್ಲಿ ಸಮರ್ಥವಾಗಿರಬೇಕು. ಡಿಸ್ಕ್ ಬ್ರೇಕ್ ಉತ್ತಮ. ಮೋಟಾರು ಕೊಳ್ಳುವ ಮೊದಲು ಚಕ್ರ ಕೂರುವ ಜಾಗದ ಒಳ ಅಗಲವನ್ನು ಅಳೆಯಬೇಕು. ಸಾಮಾನ್ಯ ಬೈಸಿಕಲ್ಲುಗಳಲ್ಲಿ ಇದು ಮುಂದೆ 100 ಮಿಲಿಮೀಟರ್, ಹಿಂದೆ 135 ಮಿಲಿಮೀಟರ್. ದಪ್ಪ ಟೈರಿನ ಬೈಸಿಕಲ್ಲುಗಳಲ್ಲಿ ಮುಂದೆ 135 ಅಥವಾ 150, ಹಿಂದೆ 170ರಿಂದ 197ರವರೆಗೆ ಇರಬಹುದು.

ಮುಂದಿನ ಫೋರ್ಕು ಉಕ್ಕಿನದಾಗಿರಬೇಕು. ಅಲ್ಯೂಮಿನಿಯಂ ಮಿಶ್ರಲೋಹ ಬಾಗುವ ಬದಲು ಮುನ್ಸೂಚನೆಯಿಲ್ಲದೆ ಮುರಿಯಬಹುದು. ಇಂಗಾಲದ ನಾರಿನ ಫೋರ್ಕಿಗೆ ಅಚ್ಚಿನ ಮೇಲೆ ಟಾರ್ಕ್ ಹಾಕುವ ಸಾಮಾನ್ಯ ಹಬ್ ಮೋಟಾರನ್ನು ಹಾಕಲೇಬಾರದು.

ಅಚ್ಚಿನ ಭದ್ರತೆ

ಇಡೀ ಜೋಡಣೆಯಲ್ಲಿ ಅತ್ಯಂತ ಗಂಭೀರವಾದ ಹಂತ ಇದು. ಮೋಟಾರು ಚಕ್ರವನ್ನು ಮುಂದಕ್ಕೆ ತಿರುಗಿಸುವಾಗ ಅದರ ಅಚ್ಚು ಅಷ್ಟೇ ಬಲದಿಂದ ಹಿಂದಕ್ಕೆ ತಿರುಗಲು ಯತ್ನಿಸುತ್ತದೆ. ಅದು ತಿರುಗದಂತೆ ಅಚ್ಚಿನ ಎರಡು ಬದಿಗಳನ್ನು ಚಪ್ಪಟೆಯಾಗಿ, ಸಾಮಾನ್ಯವಾಗಿ 10 ಮಿಲಿಮೀಟರ್ ಅಗಲಕ್ಕೆ, ಕಡೆದಿರುತ್ತಾರೆ. 40 ನ್ಯೂಟನ್-ಮೀಟರ್ ಟಾರ್ಕನ್ನು ಅಷ್ಟು ಕಿರಿದಾದ ಅಂತರದಲ್ಲಿ ತಡೆಹಿಡಿಯಲು ಸೀಳಿನ ಅಂಚುಗಳ ಮೇಲೆ ಸುಮಾರು 4,000 ನ್ಯೂಟನ್, ಅಂದರೆ 400 ಕಿಲೋಗ್ರಾಂ ತೂಕದಷ್ಟು ಬಲ ಬೀಳುತ್ತದೆ. ಸೀಳು ಅಗಲಿಸಿದರೆ ಅಚ್ಚು ಗಿರ್ರನೆ ಸುತ್ತಿ ವೈರುಗಳನ್ನು ಹರಿದು, ಚಕ್ರ ಫೋರ್ಕಿನಿಂದ ಕಳಚಿಕೊಳ್ಳಬಹುದು. ಮುಂದಿನ ಚಕ್ರದಲ್ಲಿ ಹೀಗಾದರೆ ಪ್ರಾಣಾಪಾಯ.

ಇದನ್ನು ತಡೆಯಲು ಟಾರ್ಕ್ ಆರ್ಮ್ ಎಂಬ ಉಕ್ಕಿನ ಪಟ್ಟಿಯನ್ನು ಬಳಸುತ್ತಾರೆ. ಅದರ ಒಂದು ತುದಿಯ ರಂಧ್ರ ಅಚ್ಚಿನ ಚಪ್ಪಟೆ ಭಾಗಕ್ಕೆ ಬಿಗಿಯಾಗಿ ಕೂರುತ್ತದೆ. ಇನ್ನೊಂದು ತುದಿಯನ್ನು ಫೋರ್ಕಿನ ಕಾಲಿಗೆ ಕ್ಲಾಂಪಿನಿಂದ ಕಟ್ಟಲಾಗುತ್ತದೆ. ಪಟ್ಟಿ 100 ಮಿಲಿಮೀಟರ್ ಉದ್ದವಿದ್ದರೆ ಅದೇ ಟಾರ್ಕಿಗೆ ತುದಿಯಲ್ಲಿ ಬೀಳುವ ಬಲ 400 ನ್ಯೂಟನ್ ಮಾತ್ರ. ಎರಡೂ ಚಕ್ರಗಳಿಗೆ ಟಾರ್ಕ್ ಆರ್ಮ್ ಬೇಕು. ಮುಂದಿನ ಚಕ್ರಕ್ಕೆ ಎರಡೂ ಬದಿಯಲ್ಲಿ ಹಾಕುವುದು ಕ್ಷೇಮ. ಪುನರುತ್ಪಾದಕ ಬ್ರೇಕಿಂಗ್ ಬಳಸಿದರೆ ಅಚ್ಚಿನ ಮೇಲಿನ ಬಲ ಹಿಂದೆಮುಂದೆ ಬದಲಾಗುತ್ತ ನಟ್ಟುಗಳನ್ನು ಸಡಿಲಿಸುವುದರಿಂದ ರಂಧ್ರದಲ್ಲಿ ಆಟವೇ ಇರಬಾರದು.

ಚಕ್ರ ಸುರಕ್ಷತೆಗಾಗಿ ಫೋರ್ಕಿನ ಸೀಳಿನ ಹೊರಬದಿಯಲ್ಲಿ ಉಬ್ಬಿದ ಅಂಚುಗಳಿರುತ್ತವೆ. ವಾಷರು ಆ ಅಂಚಿನ ಮೇಲೆ ಕುಳಿತರೆ ನಟ್ಟು ಬಿಗಿಯಾದಂತೆ ತೋರಿದರೂ ಹಿಡಿತವಿರುವುದಿಲ್ಲ. ಗುಳಿಯೊಳಗೆ ಸರಿಯಾಗಿ ಕೂರುವ ವಾಷರನ್ನು ಬಳಸಬೇಕು. ನಟ್ಟುಗಳನ್ನು ತಯಾರಕರು ಸೂಚಿಸಿದ ಬಿಗಿಗೆ ಬಿಗಿಸಬೇಕು.

ವೈರಿಂಗ್

ಬ್ರಷ್‌ರಹಿತ ಮೋಟಾರಿನಿಂದ ಮೂರು ದಪ್ಪ ಹಂತದ ವೈರುಗಳೂ ಐದು ತೆಳು ಹಾಲ್ ಸಂವೇದಕದ ವೈರುಗಳೂ ಹೊರಬರುತ್ತವೆ. ಹಂತದ ವೈರುಗಳು ಸಾಮಾನ್ಯವಾಗಿ ಹಳದಿ, ಹಸಿರು, ನೀಲಿ. ಸಂವೇದಕದ ವೈರುಗಳು ಇದೇ ಮೂರು ಬಣ್ಣಗಳ ಜೊತೆಗೆ ಕೆಂಪು ಮತ್ತು ಕಪ್ಪು. ಎಲ್ಲ ತಯಾರಕರೂ ಬಣ್ಣಗಳನ್ನು ಒಂದೇ ಕ್ರಮದಲ್ಲಿ ಬಳಸುವುದಿಲ್ಲ. ಕ್ರಮ ತಪ್ಪಿದರೆ ಚಕ್ರ ನಡುಗುತ್ತದೆ, ಗೊರಗುಟ್ಟುತ್ತದೆ ಅಥವಾ ಹಿಂದಕ್ಕೆ ತಿರುಗುತ್ತದೆ.

1. ಪ್ರತಿ ಮೋಟಾರಿಗೂ ಅದರದೇ ಆದ ಕಂಟ್ರೋಲರ್ ಇರಬೇಕು. ಒಂದೇ ಕಂಟ್ರೋಲರಿನಿಂದ ಎರಡು ಬ್ರಷ್‌ರಹಿತ ಮೋಟಾರುಗಳನ್ನು ಓಡಿಸಲಾಗದು. ಎರಡೂ ಚಕ್ರಗಳ ಕಾಂತಗಳು ಒಂದೇ ಕ್ಷಣದಲ್ಲಿ ಒಂದೇ ಸ್ಥಾನದಲ್ಲಿರುವುದಿಲ್ಲ.

2. ಬ್ಯಾಟರಿಯ ಧನ ತುದಿಯಿಂದ ಮುಖ್ಯ ಫ್ಯೂಸ್, ಅಲ್ಲಿಂದ ಕವಲೊಡೆದು ಪ್ರತಿ ಕಂಟ್ರೋಲರಿಗೂ ಪ್ರತ್ಯೇಕ ಫ್ಯೂಸ್ ಇರಬೇಕು. 40 ಆಂಪಿಯರ್‌ವರೆಗಿನ ಮುಖ್ಯ ವೈರಿಗೆ ಕನಿಷ್ಠ 4 ಚದರ ಮಿಲಿಮೀಟರ್ ತಾಮ್ರ, ಕವಲುಗಳಿಗೆ 2.5 ಚದರ ಮಿಲಿಮೀಟರ್ ಸೂಕ್ತ.

3. ಒಂದೇ ಥ್ರಾಟಲಿನಿಂದ ಎರಡೂ ಕಂಟ್ರೋಲರುಗಳನ್ನು ನಡೆಸಬಹುದು. ಥ್ರಾಟಲಿನ 5 ವೋಲ್ಟ್ ವೈರನ್ನು ಒಂದೇ ಕಂಟ್ರೋಲರಿನಿಂದ ಪಡೆಯಬೇಕು. ಸಂಕೇತದ ವೈರನ್ನು ಮಾತ್ರ ಎರಡಕ್ಕೂ ಹಂಚಬೇಕು. ಎರಡು ಕಂಟ್ರೋಲರುಗಳ 5 ವೋಲ್ಟ್ ವೈರುಗಳನ್ನು ಒಂದಕ್ಕೊಂದು ಕೂಡಿಸಬಾರದು.

4. ಎರಡೂ ಕಂಟ್ರೋಲರುಗಳ ಋಣ ವೈರು ಬ್ಯಾಟರಿಗೆ ಗಟ್ಟಿಯಾಗಿ ಸೇರಿರಬೇಕು. ಒಂದರ ಋಣ ವೈರು ಸಡಿಲವಾದರೆ ಅದರ ಪೂರ್ಣ ಪ್ರವಾಹ ಥ್ರಾಟಲಿನ ಕೂದಲೆಳೆಯಂತಹ ವೈರಿನ ಮೂಲಕ ಹಿಂದಿರುಗಲು ಯತ್ನಿಸಿ ಅದನ್ನು ಸುಟ್ಟುಹಾಕುತ್ತದೆ.

5. ಬ್ರೇಕಿನ ಯಾವುದೇ ಹಿಡಿಯನ್ನು ಒತ್ತಿದರೂ ಎರಡೂ ಮೋಟಾರುಗಳು ನಿಲ್ಲಬೇಕು. ಒಂದು ಮೋಟಾರು ಮಾತ್ರ ನಿಂತು ಇನ್ನೊಂದು ತಳ್ಳುತ್ತಿದ್ದರೆ ಅಪಘಾತ ಖಚಿತ. ಬ್ರೇಕ್ ಸ್ವಿಚ್ಚಿನ ಸಂಕೇತವನ್ನು ಡಯೋಡುಗಳ ಮೂಲಕ ಎರಡು ಕಂಟ್ರೋಲರುಗಳಿಗೂ ಹಂಚುವುದು ರೂಢಿ.

6. ಮುಂದಿನ ಮೋಟಾರನ್ನು ಪ್ರತ್ಯೇಕವಾಗಿ ಆರಿಸಲು ಅದರ ಕಂಟ್ರೋಲರಿನ ಚಾಲೂ ವೈರಿಗೆ ಸ್ವಿಚ್ಚು ಹಾಕಬೇಕು.

7. ಮೋಟಾರಿನ ವೈರು ಅಚ್ಚಿನಿಂದ ಹೊರಬರುವ ಕಡೆ ಮೊದಲು ಕೆಳಕ್ಕೆ ಬಾಗಿ ಆಮೇಲೆ ಮೇಲೇರಬೇಕು. ಆಗ ಮಳೆನೀರು ವೈರಿನ ಗುಂಟ ಹರಿದು ಮೋಟಾರಿನೊಳಗೆ ಸೇರದೆ ತಗ್ಗಿನಲ್ಲಿ ತೊಟ್ಟಿಕ್ಕುತ್ತದೆ. ಮುಂದಿನ ವೈರು ಹ್ಯಾಂಡಲ್ ಎರಡೂ ಬದಿಗೆ ಪೂರ್ಣ ತಿರುಗುವಷ್ಟು ಸಡಿಲವಾಗಿರಬೇಕು.

ಗಿಯರುಳ್ಳ ಮುಂದಿನ ಮೋಟಾರನ್ನು ಬಲ-ಎಡ ಬದಲಿಸಿ ಕೂರಿಸಿದರೆ ಮೋಟಾರು ತಿರುಗಿದರೂ ಫ್ರೀವೀಲಿನ ಕಾರಣ ಚಕ್ರ ಮುಂದಕ್ಕೆ ಚಲಿಸುವುದಿಲ್ಲ. ಕವಚದ ಮೇಲಿನ ಬಾಣದ ಗುರುತನ್ನು ನೋಡಿಕೊಳ್ಳಬೇಕು.

ಪರೀಕ್ಷೆ

ಎರಡೂ ಚಕ್ರಗಳನ್ನು ನೆಲದಿಂದ ಎತ್ತಿ ನಿಲ್ಲಿಸಿ, ಮೊದಲು ಒಂದೊಂದೇ ಮೋಟಾರನ್ನು, ಬಳಿಕ ಎರಡನ್ನೂ ಒಟ್ಟಿಗೆ ನಿಧಾನವಾಗಿ ಓಡಿಸಿ ನೋಡಬೇಕು. ಪ್ರತಿ ಬ್ರೇಕ್ ಹಿಡಿಯನ್ನೂ ಬೇರೆಬೇರೆಯಾಗಿ ಒತ್ತಿ ಎರಡೂ ಮೋಟಾರುಗಳು ನಿಲ್ಲುವುದನ್ನು ಖಚಿತಪಡಿಸಿಕೊಳ್ಳಬೇಕು. ಮೊದಲ ಸವಾರಿ ವಾಹನಸಂಚಾರವಿಲ್ಲದ ಸಮತಟ್ಟು ಮೈದಾನದಲ್ಲಿ ಆಗಬೇಕು. ಕೆಲವು ಕಿಲೋಮೀಟರ್ ಓಡಿದ ಮೇಲೆ ಅಚ್ಚಿನ ನಟ್ಟು, ಟಾರ್ಕ್ ಆರ್ಮ್ ಮತ್ತು ಕಡ್ಡಿಗಳ ಬಿಗಿಯನ್ನು ಮತ್ತೆ ಪರಿಶೀಲಿಸಬೇಕು. ಹೊಸದಾಗಿ ಕಟ್ಟಿದ ಚಕ್ರದ ಕಡ್ಡಿಗಳು ಆರಂಭದಲ್ಲಿ ಸಡಿಲಗೊಳ್ಳುವುದು ಸಹಜ.

ಸಾಮಾನ್ಯ ದೋಷಗಳು

• ಏರಿನಲ್ಲಿ ಎರಡೂ ಮೋಟಾರುಗಳು ಒಮ್ಮೆಲೇ ನಿಲ್ಲುವುದು: ಒಟ್ಟು ಪ್ರವಾಹ ಬಿಎಂಎಸ್ ಮಿತಿಯನ್ನು ಮೀರಿರುತ್ತದೆ ಅಥವಾ ಬ್ಯಾಟರಿ ಬರಿದಾಗಿರುತ್ತದೆ.
• ಒಂದು ಮೋಟಾರು ಮಾತ್ರ ಬಿಸಿಯಾಗುವುದು: ವೇಗಗಳ ಹೊಂದಾಣಿಕೆಯಿಲ್ಲದೆ ಹೊರೆ ಒಂದರ ಮೇಲೇ ಬೀಳುತ್ತಿರುತ್ತದೆ.
• ಚಕ್ರ ನಡುಗುವುದು: ಹಂತದ ಅಥವಾ ಸಂವೇದಕದ ವೈರಿನ ಕ್ರಮ ತಪ್ಪಿರುತ್ತದೆ, ಇಲ್ಲವೇ ಕನೆಕ್ಟರಿನೊಳಗೆ ನೀರು ಸೇರಿರುತ್ತದೆ.
• ಹೊರಡುವಾಗ ಮುಂದಿನ ಚಕ್ರ ಗಿರಗಿರನೆ ತಿರುಗುವುದು: ಮುಂದಿನ ಮೋಟಾರಿನ ಪಾಲು ಹೆಚ್ಚಾಗಿರುತ್ತದೆ.
• ಬ್ಯಾಟರಿ ಜೋಡಿಸುವಾಗ ಕಿಡಿ ಹಾರುವುದು: ಕಂಟ್ರೋಲರುಗಳ ಕೆಪಾಸಿಟರುಗಳು ಒಮ್ಮೆಲೇ ತುಂಬಿಕೊಳ್ಳುವುದರಿಂದ ಹೀಗಾಗುತ್ತದೆ, ಕಿಡಿನಿರೋಧಕ ಕನೆಕ್ಟರು ಬಳಸಬೇಕು.

ಕಾನೂನು

ಭಾರತದಲ್ಲಿ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ, ಪೆಡಲ್ ನೆರವಿನ ವಿದ್ಯುತ್ ಬೈಸಿಕಲ್ಲಿನ ಮೋಟಾರಿನ 30 ನಿಮಿಷಗಳ ಶಕ್ತಿ 0.25 ಕಿಲೋವ್ಯಾಟಿಗಿಂತ ಕಡಿಮೆಯಿದ್ದು, ವೇಗ ಗಂಟೆಗೆ 25 ಕಿಲೋಮೀಟರ್ ತಲುಪಿದಾಗ ಅಥವಾ ಪೆಡಲ್ ನಿಂತಾಗ ನೆರವು ಕಡಿದುಹೋಗುವಂತಿದ್ದರೆ ಅದನ್ನು ಮೋಟಾರು ವಾಹನವೆಂದು ಪರಿಗಣಿಸುವುದಿಲ್ಲ. ಸೂಕ್ತ ಬ್ರೇಕುಗಳು, ಮುಂದೆ ಬಿಳಿ ಹಾಗೂ ಹಿಂದೆ ಕೆಂಪು ಪ್ರತಿಫಲಕಗಳೂ ಇರಬೇಕು. ಈ ಷರತ್ತುಗಳ ಪಾಲನೆಯನ್ನು ನಿಯಮ 126ರಲ್ಲಿ ಹೆಸರಿಸಿದ ಪರೀಕ್ಷಾ ಸಂಸ್ಥೆ ದೃಢಪಡಿಸಬೇಕು.

ತಲಾ 250 ವ್ಯಾಟಿನ ಎರಡು ಮೋಟಾರುಗಳುಳ್ಳ ಬೈಸಿಕಲ್ ಈ ಮಿತಿಯನ್ನು ಸ್ಪಷ್ಟವಾಗಿ ಮೀರುತ್ತದೆ. ಆಗ ಅದು ಮೋಟಾರು ವಾಹನದ ಸಾಲಿಗೆ ಸೇರಿ, ಸಾರ್ವಜನಿಕ ರಸ್ತೆಯಲ್ಲಿ ಓಡಿಸಲು ನೋಂದಣಿ, ಚಾಲನಾ ಪರವಾನಗಿ ಮತ್ತು ವಿಮೆ ಬೇಕಾಗುತ್ತವೆ. ಮನೆಯಲ್ಲಿ ಜೋಡಿಸಿದ ವಾಹನಕ್ಕೆ ಮಾದರಿ ಅನುಮೋದನೆ ಇರುವುದಿಲ್ಲವಾದ್ದರಿಂದ ನೋಂದಣಿ ಸುಲಭಸಾಧ್ಯವಲ್ಲ. ವಿಮೆಯಿಲ್ಲದ ವಾಹನದಿಂದ ಇನ್ನೊಬ್ಬರಿಗೆ ಗಾಯವಾದರೆ ಪರಿಹಾರದ ಹೊಣೆ ಸವಾರನ ಮೇಲೆಯೇ ಬೀಳುತ್ತದೆ. ಇಂತಹ ವಾಹನಗಳ ಬಳಕೆಗೆ ತೋಟ, ಗದ್ದೆ, ಖಾಸಗಿ ಜಮೀನುಗಳೇ ಸೂಕ್ತ.

ಯುರೋಪಿಯನ್ ಒಕ್ಕೂಟದಲ್ಲಿಯೂ ವಿನಾಯಿತಿಯ ಮಿತಿ 250 ವ್ಯಾಟ್ ಮತ್ತು ಗಂಟೆಗೆ 25 ಕಿಲೋಮೀಟರ್. ಅಮೆರಿಕದ 2002ರ ಒಕ್ಕೂಟ ಕಾನೂನು ಪೆಡಲುಳ್ಳ, 750 ವ್ಯಾಟಿಗಿಂತ ಕಡಿಮೆ ಶಕ್ತಿಯ, ಮೋಟಾರಿನಿಂದಷ್ಟೇ ಗಂಟೆಗೆ 20 ಮೈಲಿ, ಅಂದರೆ 32 ಕಿಲೋಮೀಟರಿಗಿಂತ ಕಡಿಮೆ ವೇಗದ ವಾಹನವನ್ನು ಬೈಸಿಕಲ್ ಎಂದು ಪರಿಗಣಿಸುತ್ತದೆ; ರಸ್ತೆಬಳಕೆಯ ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ ಭಿನ್ನವಾಗಿವೆ.

ನಿರ್ವಹಣೆ ಮತ್ತು ಸುರಕ್ಷತೆ

ಲಿಥಿಯಂ ಬ್ಯಾಟರಿಯನ್ನು ಒದ್ದೆಯಾಗಿರುವಾಗ, ಸವಾರಿಯಿಂದ ಬಿಸಿಯಾಗಿರುವಾಗ ಅಥವಾ ಉಷ್ಣತೆ 0 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿರುವಾಗ ಚಾರ್ಜ್ ಮಾಡಬಾರದು. ಉಬ್ಬಿದ, ಬಿದ್ದು ಜಖಂಗೊಂಡ ಅಥವಾ ನೀರು ಹೊಕ್ಕ ಬ್ಯಾಟರಿಯನ್ನು ಬಳಸಬಾರದು. ರಾತ್ರಿ ಮಲಗಿರುವಾಗ, ಹೊರಬಾಗಿಲಿನ ದಾರಿಯಲ್ಲಿಟ್ಟು ಚಾರ್ಜ್ ಮಾಡುವುದು ಅಪಾಯಕರ. ಬೆಂಕಿ ಹತ್ತಿದರೆ ಹೊರಬರುವ ದಾರಿಯೇ ಮುಚ್ಚಿಹೋಗುತ್ತದೆ.

ಮೋಟಾರಿನ ಕವಚ ಕೈಯಿಂದ ಮುಟ್ಟಲಾಗದಷ್ಟು ಬಿಸಿಯಾದರೆ ಒಳಗಿನ ಸುರುಳಿ ಅದಕ್ಕಿಂತ ಹೆಚ್ಚು ಕಾದಿರುತ್ತದೆ. ಆಗ ನಿಲ್ಲಿಸಿ ತಣಿಯಲು ಬಿಡಬೇಕು. ಎರಡು ಮೋಟಾರುಗಳು ಮತ್ತು ಬ್ಯಾಟರಿ ಸೇರಿ ಬೈಸಿಕಲ್ಲಿಗೆ 10ರಿಂದ 15 ಕಿಲೋಗ್ರಾಂ ತೂಕ ಹೆಚ್ಚುವುದರಿಂದ ನಿಲ್ಲುವ ದೂರವೂ ಹೆಚ್ಚುತ್ತದೆ. ಎರಡು ಚಕ್ರಗಳ ಚಾಲನೆಯು ಹೊರಡಲು, ಹತ್ತಲು ನೆರವಾಗುತ್ತದೆಯೇ ಹೊರತು ಇಳಿಜಾರಿನಲ್ಲಿ ನಿಲ್ಲಲು ನೆರವಾಗುವುದಿಲ್ಲ. ಕೆಸರಿನ ಏರನ್ನು ಸಲೀಸಾಗಿ ಹತ್ತಿದ ವಾಹನವೇ ಅದೇ ಕೆಸರಿನಲ್ಲಿ ಇಳಿಯುವಾಗ ಸಾಮಾನ್ಯ ಬೈಸಿಕಲ್ಲಿನಷ್ಟೇ, ತೂಕದ ಕಾರಣ ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು, ಎಚ್ಚರಿಕೆಯನ್ನು ಬೇಡುತ್ತದೆ.

ಇವನ್ನೂ ನೋಡಿ

• ವಿದ್ಯುತ್ ಬೈಸಿಕಲ್
• ಬ್ರಷ್‌ರಹಿತ ವಿದ್ಯುತ್ ಮೋಟಾರು
• ಲಿಥಿಯಂ ಅಯಾನ್ ಬ್ಯಾಟರಿ
• ಘರ್ಷಣೆ